ನಾರ್ತ್‌ರಿಜ್ ಭೂಕಂಪದಲ್ಲಿ ಉಕ್ಕಿನ ಬೀಮ್ ಬಾಗಲಿಲ್ಲ, ವೆಲ್ಡ್ ಬಿರಿಯಿತು. ಯಾಕೆ?

ಪ್ರಶ್ನೆ:
ಉಕ್ಕಿನ ಫ್ರೇಮ್ ಮುರಿಯುವ ಮೊದಲು ಚೆನ್ನಾಗಿ ಬಾಗುತ್ತದೆ, ಅದಕ್ಕೇ ಭೂಕಂಪಕ್ಕೆ ಒಳ್ಳೆಯದು ಅಂತ ಓದಿದ್ದೇನೆ. ಆದರೆ 1994ರ ಜನವರಿ 17ರಂದು ಲಾಸ್ ಏಂಜಲೀಸ್‌ನಲ್ಲಿ ಬೀಮ್-ಕಾಲಂ ಜಾಯಿಂಟ್‌ಗಳು ಬಾಗದೆ ಬಿರಿದವಂತೆ. ತಪ್ಪು ವೆಲ್ಡರ್‌ದಾ, ಡಿಸೈನ್‌ದಾ?

ಉತ್ತರ 1:
ಕೆಲಸ ಕಳಪೆ, ಅಷ್ಟೇ. ಅಲ್ಟ್ರಾಸೋನಿಕ್ ಟೆಸ್ಟ್ (ಶಬ್ದದ ಅಲೆಯಿಂದ ಒಳಗಿನ ದೋಷ ಹುಡುಕುವುದು) ಸರಿಯಾಗಿ ಮಾಡಿದ್ದರೆ ಸಿಕ್ಕಿಬೀಳುತ್ತಿತ್ತು.

ಉತ್ತರ 2:
ಎಲ್ಲವನ್ನೂ ಸುಮ್ನೆ ವೆಲ್ಡರ್ ತಲೆಗೆ ಕಟ್ಟಬೇಡಿ. ವೆಲ್ಡಿಂಗ್ ತಪಾಸಣೆಯೇ ನನ್ನ ಕೆಲಸ, ಅದಕ್ಕೆ ಹೇಳುತ್ತಿದ್ದೇನೆ.

ಆಗಿನ ಜಾಯಿಂಟ್‌ನಲ್ಲಿ ವೆಬ್‌ಗೆ (I ಆಕಾರದ ಬೀಮಿನ ನಡುವೆ ನಿಂತ ತಗಡಿಗೆ) ಬೋಲ್ಟ್, ಎರಡು ಫ್ಲೇಂಜ್‌ಗೂ (ಮೇಲಿನ, ಕೆಳಗಿನ ಅಡ್ಡ ಪಟ್ಟಿಗಳಿಗೂ) ಸೈಟಿನಲ್ಲೇ ವೆಲ್ಡ್. ಕೆಳಗಿನ ಫ್ಲೇಂಜನ್ನು ಮೇಲಿಂದ ವೆಲ್ಡ್ ಮಾಡಬೇಕು, ನಡುವೆ ವೆಬ್ ಅಡ್ಡ. ಹಾಗಾಗಿ ಪ್ರತಿ ಪಾಸ್ (ವೆಲ್ಡಿನ ಒಂದೊಂದು ಪದರ) ಅಲ್ಲಿ ನಿಲ್ಲಿಸಿ, ಆಚೆ ಬದಿಯಿಂದ ಮತ್ತೆ ಶುರು. ರೂಟ್‌ನಲ್ಲಿ, ಅಂದರೆ ವೆಲ್ಡಿನ ತಳದಲ್ಲಿ, ಸ್ಲ್ಯಾಗ್ (ವೆಲ್ಡಿಂಗ್ ಕಸ) ಕೂರುವುದು, ಲೋಹ ಬೆಸೆಯದೆ ಉಳಿಯುವುದು ಅಲ್ಲೇ ಜಾಸ್ತಿ. ಟೆಸ್ಟ್ ಮಾಡುವ ಪ್ರೋಬಿಗೂ ಅದೇ ವೆಬ್ ಅಡ್ಡ ಬರುತ್ತದೆ. ಸಾಲದ್ದಕ್ಕೆ, ಕರಗಿದ ಲೋಹ ಕೆಳಗೆ ಸುರಿಯದಂತೆ ಅಡಿಗೆ ಇಡುವ ಬ್ಯಾಕಿಂಗ್ ಬಾರ್‌ನಿಂದಲೂ ಸಿಗ್ನಲ್ ಬರುತ್ತದೆ. ಯಾವುದು ದೋಷ, ಯಾವುದು ಬಾರ್ ಅಂತ ಹೇಳುವುದು ಕಷ್ಟ ಸ್ವಾಮಿ!

ಆ ಬ್ಯಾಕಿಂಗ್ ಬಾರನ್ನು ತೆಗೆಯುತ್ತಲೂ ಇರಲಿಲ್ಲ. ಬಾರಿಗೂ ಕಾಲಂಗೂ ನಡುವಿನ ಸಂದು ಮೊದಲೇ ಮಾಡಿಟ್ಟ ಬಿರುಕಿನ ಹಾಗೆ. ಅದರ ತುದಿ ಸರಿಯಾಗಿ ವೆಲ್ಡ್ ರೂಟ್‌ನಲ್ಲಿ, ಎಳೆತ ಜಾಸ್ತಿ ಇರುವ ಕಡೆ. ಬಹುಪಾಲು ಬಿರುಕು ಕೆಳಗಿನ ಫ್ಲೇಂಜ್‌ನಲ್ಲೇ ಶುರುವಾದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ವಾ? ಜೊತೆಗೆ ಆಗ ಬಳಸುತ್ತಿದ್ದ ಇ70ಟಿ-4 ವೆಲ್ಡಿಂಗ್ ತಂತಿ. ಬೇಗ ತುಂಬುತ್ತದೆ, ಆದರೆ ಗಟ್ಟಿತನ ಇದ್ದರೂ ಬಿರುಕು ತಡೆಯುವ ಶಕ್ತಿ ಕಡಿಮೆ. ಆ ಶಕ್ತಿ ಇಷ್ಟಿರಲೇಬೇಕು ಅಂತ ಆಗ ಯಾರೂ ಕೇಳುತ್ತಲೂ ಇರಲಿಲ್ಲ. ಬೀಮಿನ ಉಕ್ಕು ಬೇರೆ, ಕಾಗದದಲ್ಲಿ ಬರೆದದ್ದಕ್ಕಿಂತ ಬಲವಾಗಿರುತ್ತಿತ್ತು. ಬೀಮ್ ಮಣಿಯುವ ಮೊದಲೇ ಹೊರೆಯೆಲ್ಲ ವೆಲ್ಡ್ ಮೇಲೆ ಬಿತ್ತು.

ಪ್ರಶ್ನೆ ಕೇಳಿದವರು:
ಹಾಗಾದರೆ ಕಟ್ಟಡಗಳು ಬೀಳಲಿಲ್ವಾ?

ಉತ್ತರ 2:
ಈ ಬಗೆಯ ಒಂದೂ ಬೀಳಲಿಲ್ಲ. ಅದೇ ಫಜೀತಿ. ಹೊರಗೆ ನೋಡಿದರೆ ಏನೂ ಆಗಿಲ್ಲ, ಜಾಯಿಂಟ್ ಎಲ್ಲ ಫೈರ್‌ಪ್ರೂಫಿಂಗ್ ಲೇಪದ ಒಳಗೆ. ಕೆರೆದು ನೋಡಿದ ಮೇಲೆ ನೂರಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು ಸಿಕ್ಕಿತು. ಕೆಲವು ಕಡೆ ಕಾಲಂ ಒಳಗೇ ನುಗ್ಗಿತ್ತು.

ಉತ್ತರ 3:
ಈಗ ಹೇಗೆ ಮಾಡುತ್ತಾರೆ?

ಉತ್ತರ 2:
2000ದಲ್ಲಿ ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆಯ ಮಾರ್ಗಸೂಚಿ ಫೆಮಾ 350 ಬಂತು. ಕೆಳಗಿನ ಬಾರ್ ತೆಗೆದು, ರೂಟ್ ಕೊರೆದು ಸ್ವಚ್ಛ ಮಾಡಿ, ಮತ್ತೆ ವೆಲ್ಡ್ ತುಂಬಿ ಅದರ ಮೇಲೊಂದು ಫಿಲೆಟ್ (ಮೂಲೆಗೆ ಹಾಕುವ ತ್ರಿಕೋನ ವೆಲ್ಡ್) ಹಾಕುತ್ತಾರೆ. ಮೇಲಿನ ಬಾರ್ ಇರಬಹುದು, ಆದರೆ ಅದನ್ನು ಫಿಲೆಟ್ ವೆಲ್ಡ್‌ನಿಂದ ಕಾಲಂಗೆ ಸೇರಿಸಬೇಕು. ಇಂಥ ಮುಖ್ಯ ವೆಲ್ಡ್‌ಗೆ, ಹೊಡೆದು ಮುರಿಯಲು ಎಷ್ಟು ಶಕ್ತಿ ಬೇಕು ಅಂತ ನೋಡುವ ಚಾರ್ಪಿ ಟೆಸ್ಟ್‌ನಲ್ಲಿ 21 ಡಿಗ್ರಿ ಸೆಲ್ಸಿಯಸ್‌ಗೆ 54 ಜೂಲ್ ಬರಬೇಕು. ನನಗೆ ಜಾಸ್ತಿ ಇಷ್ಟವಾದದ್ದು ಡಾಗ್‌ಬೋನ್. ಕಾಲಂನಿಂದ ಸ್ವಲ್ಪ ದೂರದಲ್ಲಿ ಬೀಮಿನ ಫ್ಲೇಂಜನ್ನೇ ಎರಡೂ ಬದಿ ಕತ್ತರಿಸಿ ಸೊಂಟ ಸಣ್ಣ ಮಾಡುತ್ತಾರೆ. ಬೀಮ್ ಅಲ್ಲಿ ಮಣಿಯುತ್ತದೆ, ವೆಲ್ಡ್ ಮೇಲಿನ ಹೊರೆ ಇಳಿಯುತ್ತದೆ.