ಬೇಸ್‌ಬಾಲ್ ಕ್ಯಾಚರ್‌ಗಳಲ್ಲಿ ಓಟದ ವೇಗ ಏಕೆ ಅಪರೂಪ?

ಪ್ರಶ್ನೆ:
ಅಮೆರಿಕದ ಮೇಜರ್ ಲೀಗ್ ಪಂದ್ಯಗಳನ್ನು ಈಚೆಗೆ ತಪ್ಪದೆ ನೋಡುತ್ತಿದ್ದೇನೆ. ಬ್ಯಾಟ್ ಬೀಸಿ ಮೊದಲ ಬೇಸ್‌ಗೆ (ಓಟದ ದಾರಿಯ ಮೊದಲ ನಿಲ್ದಾಣಕ್ಕೆ) ಓಡುವಾಗ ಕ್ಯಾಚರ್‌ಗಳು, ಅಂದರೆ ಬ್ಯಾಟುಗಾರನ ಹಿಂದೆ ಕುಳಿತು ಚೆಂಡು ಹಿಡಿಯುವವರು, ಬಹುಮಟ್ಟಿಗೆ ತಂಡದಲ್ಲೇ ನಿಧಾನವಾಗಿ ಕಾಣುತ್ತಾರೆ. ಆದರೆ ಅದೇ ಆಟಗಾರರು ಕುಕ್ಕರಗಾಲಿನಿಂದ ಥಟ್ಟನೆ ಎದ್ದು, ಎದುರಾಳಿ ಓಟಗಾರನನ್ನು ತಡೆಯಲು ಎರಡನೇ ಬೇಸ್‌ಗೆ ಚೆಂಡೆಸೆಯುವ ಚುರುಕು ಬೆರಗು ಹುಟ್ಟಿಸುತ್ತದೆ. ಈ ಕೆಲಸವೇ ಅವರ ವೇಗವನ್ನು ಕಸಿದುಕೊಳ್ಳುತ್ತದೆಯೇ, ಅಥವಾ ಓಡಲಾರದವರನ್ನೇ ಅಲ್ಲಿಗೆ ಆರಿಸುತ್ತಾರೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಎರಡೂ ನಿಜ, ಆದರೆ ಆಯ್ಕೆಯ ಪಾಲೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಚೆನ್ನಾಗಿ ಓಡುವ ಹುಡುಗನನ್ನು ತರಬೇತುದಾರರು ಶಾಲೆಯಲ್ಲೇ ಔಟ್‌ಫೀಲ್ಡ್‌ಗೋ (ಮೈದಾನದ ದೂರದ ಭಾಗ) ಶಾರ್ಟ್‌ಸ್ಟಾಪ್‌ಗೋ (ಎರಡನೇ, ಮೂರನೇ ಬೇಸ್‌ಗಳ ನಡುವಿನ ಸ್ಥಾನ) ಕಳುಹಿಸುವುದುಂಟು. ಕ್ಯಾಚರ್ ಆಗಿ ಬೆಳೆದವರನ್ನೂ ಅಲ್ಲಿಂದ ಬಿಡಿಸಿದ್ದಾರೆ. ಹ್ಯೂಸ್ಟನ್ ಆಸ್ಟ್ರೋಸ್‌ನ ಕ್ರೇಗ್ ಬಿಜಿಯೊ 1991ರಲ್ಲಿ ಕ್ಯಾಚರ್ ಆಗಿಯೇ ಆಯ್ದ ತಾರೆಯರ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾಗಿದ್ದರೂ, ಅವರ ಕಾಲುಗಳು ಸವೆಯಬಾರದೆಂದು ತಂಡವು ಮರುವರ್ಷವೇ ಅವರನ್ನು ಎರಡನೇ ಬೇಸ್ ಕಾಯುವ ಸ್ಥಾನಕ್ಕೆ ಸರಿಸಿತು. ನಿವೃತ್ತರಾಗುವ ಹೊತ್ತಿಗೆ ಅವರು 414 ಬೇಸ್‌ಗಳನ್ನು ಕದ್ದಿದ್ದರು, ಅಂದರೆ ಎದುರಾಳಿ ಬ್ಯಾಟುಗಾರನತ್ತ ಚೆಂಡೆಸೆಯುವಾಗಲೇ ಓಡಿ ಮುಂದಿನ ಬೇಸ್ ಸೇರಿದ್ದರು.

ಉತ್ತರ 2:
ಓಟದ ವೇಗವನ್ನೂ ಪಾದಗಳ ಚುರುಕನ್ನೂ ಒಂದೇ ಎಂದು ಎಣಿಸಬಾರದು. ಬ್ಯಾಟುಗಾರ ನಿಲ್ಲುವ ಹೋಮ್ ಪ್ಲೇಟ್‌ನಿಂದ ಎರಡನೇ ಬೇಸ್‌ಗೆ 127 ಅಡಿಗೂ ತುಸು ಹೆಚ್ಚು ದೂರವಿದೆ. ಚೆಂಡು ಕ್ಯಾಚರ್‌ನ ಮಿಟ್‌ಗೆ (ದಪ್ಪ ಕೈಗವಸಿಗೆ) ಬಡಿದ ಕ್ಷಣದಿಂದ ಅಲ್ಲಿರುವ ಫೀಲ್ಡರ್‌ನ ಕೈ ಸೇರುವವರೆಗಿನ ಹೊತ್ತನ್ನು ‘ಪಾಪ್ ಟೈಮ್’ ಎನ್ನುತ್ತಾರೆ. ಅದು ಸಾಮಾನ್ಯವಾಗಿ 2 ಸೆಕೆಂಡುಗಳ ಆಸುಪಾಸಿನಲ್ಲಿರುತ್ತದೆ, 1.9ಕ್ಕೆ ಇಳಿಸಿದವರು ಬಹಳ ಉತ್ತಮರು. ನಿಧಾನ ಚಿತ್ರಣದಲ್ಲಿ ಗಮನಿಸಿ: ಚೆಂಡು ಮಿಟ್ ಸೇರುವಷ್ಟರಲ್ಲೇ ಬಲಪಾದ ಮುಂದಕ್ಕೆ ಸರಿಯತೊಡಗಿರುತ್ತದೆ, ಮಿಟ್ ಬಲಗಿವಿಯತ್ತ ಬರುವ ದಾರಿಯಲ್ಲೇ ಬೆರಳುಗಳು ಚೆಂಡಿನ ಹೊಲಿಗೆಯನ್ನು ಹುಡುಕಿಕೊಂಡಿರುತ್ತವೆ. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಯಾಡಿಯರ್ ಮೊಲಿನಾ ಓಟದಲ್ಲಿ ಬಹಳ ನಿಧಾನ. ಆದರೂ ಈ ವಿದ್ಯೆಯಲ್ಲಿ ನಿಪುಣರಾಗಿದ್ದ ಅವರು ಉತ್ತಮ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿಯನ್ನು 9 ಬಾರಿ ಪಡೆದರು.

ಉತ್ತರ 3:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಎರಡೂ ಒಬ್ಬರಲ್ಲೇ ಕೂಡಿಬಂದಾಗ ಆಟದ ಸೊಗಸೇ ಬೇರೆ. ಕಾನ್ಸಾಸ್ ಸಿಟಿಯ ಜಾನ್ ವೇದನ್ 1982ರಲ್ಲಿ 36 ಬೇಸ್ ಕದ್ದದ್ದು ಕ್ಯಾಚರ್‌ಗಳಲ್ಲಿ ದಾಖಲೆಯಾಯಿತು. 1999ರಲ್ಲಿ ಇವಾನ್ ರೊಡ್ರಿಗಸ್ 35 ಹೋಮ್ ರನ್ (ಸಾಮಾನ್ಯವಾಗಿ ಚೆಂಡನ್ನು ಬೇಲಿಯಾಚೆ ಅಟ್ಟುವ ಹೊಡೆತ) ಹೊಡೆದು 25 ಬೇಸ್ ಕದ್ದರು. ಒಂದೇ ಋತುವಿನಲ್ಲಿ ಎರಡರಲ್ಲೂ 20 ದಾಟಿದ ಇನ್ನೊಬ್ಬ ಕ್ಯಾಚರ್ ಬರಲು 2022ರವರೆಗೆ ಕಾಯಬೇಕಾಯಿತು. ಅವರು ಫಿಲಡೆಲ್ಫಿಯಾದ ಜೆ. ಟಿ. ರಿಯಲ್‌ಮ್ಯೂಟೊ. ಶಾಲೆಯಲ್ಲಿ ಅವರು ಶಾರ್ಟ್‌ಸ್ಟಾಪ್ ಆಗಿದ್ದರು. 2010ರಲ್ಲಿ ಆಯ್ಕೆ ಮಾಡಿಕೊಂಡ ಮಾರ್ಲಿನ್ಸ್ ತಂಡವೇ ಅವರನ್ನು ಕ್ಯಾಚರ್ ಆಗಿ ಪಳಗಿಸಿತು. ವರ್ಷಗಟ್ಟಲೆ ಪ್ಲೇಟ್‌ನ ಹಿಂದೆ ಕುಳಿತ ಮೇಲೂ 31ನೇ ವಯಸ್ಸಿನಲ್ಲಿ 21 ಬೇಸ್ ಕದ್ದವರನ್ನು ನೋಡಿದರೆ, ಓಡಬಲ್ಲ ಹುಡುಗರನ್ನು ಈ ಸ್ಥಾನದಿಂದ ದೂರವಿಡುವ ರೂಢಿಯನ್ನು ತಂಡಗಳು ಬಿಡಬೇಕೆಂದೇ ನನಗೆ ಅನಿಸುತ್ತದೆ.