ಖಾತೆ ಕೊಟ್ಟವನ ಮೇಲೂ ಕೇಸ್ ಆಗುತ್ತಾ?

ನನ್ನ ತಮ್ಮ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಸ್ನೇಹಿತನ ಕೈಗೆ ಕೊಟ್ಟಿದ್ದ, ಬಂದ ಹಣದಲ್ಲಿ ಕಮಿಷನ್ ಅಂತೆ. ಈಗ ಖಾತೆ ಫ್ರೀಜ್ ಆಗಿದೆ, ಬೇರೆ ರಾಜ್ಯದ ಪೊಲೀಸರ ನೋಟಿಸ್ ಬಂದಿದೆ. 'ನಾನು ಯಾರಿಗೂ ಮೋಸ ಮಾಡಿಲ್ಲ' ಅಂತ ಸುಮ್ನೆ ಕೂತಿದ್ದಾನೆ. ಅನುಭವ ಇದ್ದವರು ಹೇಳಿ.

— ನಮ್ಮ ನೆಂಟರ ಹುಡುಗನದ್ದೂ ಇದೇ ವಾದ. ಆದರೆ ತನಿಖಾಧಿಕಾರಿ ಮೋಸದ ಮಾತೇ ಎತ್ತಲಿಲ್ಲ. ಸ್ಟೇಟ್‌ಮೆಂಟ್ ಮುಂದಿಟ್ಟು, ಗುರುತೇ ಇಲ್ಲದ ಇಷ್ಟು ಜನ ನಿನಗೆ ಯಾಕಪ್ಪಾ ಹಣ ಹಾಕಿದರು, ನಿನಗೆ ಕಮಿಷನ್ ಕೊಟ್ಟಿದ್ದು ಯಾವ ಕೆಲಸಕ್ಕೆ ಅಂದುಕೊಂಡೆ ಅಂತ ಕೇಳಿದರು. ಅವನ ಹತ್ತಿರ ಉತ್ತರವೇ ಇರಲಿಲ್ಲ.

— ನಾನು ವಕೀಲ. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 45ನೇ ಕಲಂನಲ್ಲಿ ಕುಮ್ಮಕ್ಕು ಅಂದರೆ ಮೂರು: ಎತ್ತಿಕಟ್ಟುವುದು, ಸಂಚಿನಲ್ಲಿ ಸೇರುವುದು, ಬೇಕೆಂದೇ ನೆರವಾಗುವುದು. ಹಳೇ ಐಪಿಸಿಯ 107 ಇದೇ. ಆ ನೆರವಿನಿಂದ ಅಪರಾಧ ನಡೆದಿದ್ದರೆ, ಬೇರೆ ಶಿಕ್ಷೆ ಹೇಳದಿದ್ದಾಗ, 49ನೇ ಕಲಂ ಪ್ರಕಾರ ಮುಖ್ಯ ಅಪರಾಧಕ್ಕೆ ಇರುವ ಶಿಕ್ಷೆಯೇ ಇವನಿಗೂ. ವಂಚಿಸಿ ಹಣ ಪಡೆದರೆ 318(4)ರಲ್ಲಿ 7 ವರ್ಷದವರೆಗೆ ಜೈಲು. ನಿಮ್ಮ ತಮ್ಮನ ಕೇಸು ನಿಲ್ಲುವುದೂ ಬೀಳುವುದೂ 'ಬೇಕೆಂದೇ' ಅನ್ನುವುದರ ಮೇಲೆ. ಮನಸ್ಸಿನಲ್ಲಿ ಏನಿತ್ತು ಅಂತ ಯಾರೂ ಇಣುಕಿ ನೋಡೋಕೆ ಆಗಲ್ಲ, ಹಾಗಾಗಿ ಚಾಟ್, ಕಮಿಷನ್, ಒಟಿಪಿ ಯಾರು ಹೇಳಿದರು, ನಗದು ಯಾರು ತೆಗೆದರು, ಇದನ್ನೆಲ್ಲ ನೋಡುತ್ತಾರೆ.

— ಚಾಟ್ ಅಳಿಸಬೇಡಿ ಅಂತ ಮೊದಲು ಹೇಳಿ! ಸಾಕ್ಷ್ಯ ನಾಶ ಅಂತ 238 ಬೇರೆ ಸೇರಿಕೊಳ್ಳುತ್ತದೆ. ನೋಟಿಸ್ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಬಂಧನ-ತನಿಖೆಯ ಕ್ರಮ ಹೇಳುವ ಕಾನೂನು) 35(3)ರದ್ದಾದರೆ ಹೋಗಲೇಬೇಕು. ಹೋಗಿ ಹೇಳಿದಂತೆ ನಡೆದುಕೊಂಡರೆ ಸಾಮಾನ್ಯವಾಗಿ ಬಂಧಿಸಲ್ಲ, ಬಂಧಿಸುವುದಾದರೆ ಕಾರಣ ಬರೆದಿಡಬೇಕು. ತಪ್ಪಿಸಿಕೊಂಡರೆ ನೀವೇ ದಾರಿ ಮಾಡಿಕೊಟ್ಟಂತೆ.

— ಎಲ್ಲರಿಗೂ ಥ್ಯಾಂಕ್ಸ್. ಒಂದು ವಿಷಯ ಹೇಳಿರಲಿಲ್ಲ, ಆ ಸ್ನೇಹಿತ ಈಗ ನಮ್ಮ ಮನೆಯಲ್ಲೇ ಇದ್ದಾನೆ. ಅವನಿಗೂ ಪೊಲೀಸರ ಭಯ, ಅಮ್ಮನಿಗೆ ಪಾಪ ಅನ್ನಿಸಿತು.

— ಅಯ್ಯೋ, ಇದನ್ನ ಮೊದಲೇ ಹೇಳಬೇಕಿತ್ತಲ್ವಾ! ಅಪರಾಧಿ ಅಂತ ಗೊತ್ತಿದ್ದೂ ಶಿಕ್ಷೆಯಿಂದ ತಪ್ಪಿಸೋಕೆ ಆಶ್ರಯ ಕೊಟ್ಟರೆ ಅದು 249, ಅದೇ ಒಂದು ಅಪರಾಧ. ವಿನಾಯಿತಿ ಗಂಡ ಅಥವಾ ಹೆಂಡತಿಗೆ ಮಾತ್ರ, ಹೆತ್ತ ತಾಯಿಗೂ ಇಲ್ಲ, ಇನ್ನು ಸ್ನೇಹಿತನ ಅಮ್ಮನಿಗೆ ಎಲ್ಲಿಂದ ಬರಬೇಕು? ಇವತ್ತೇ ಅವನನ್ನು ವಕೀಲರ ಹತ್ತಿರ ಕಳಿಸಿ. ತಮ್ಮನಿಗೆ ಬೇರೆ ವಕೀಲರನ್ನು ಹಿಡಿಯಿರಿ, ನಾಳೆ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕುತ್ತಾರೆ.