ನಾಯಕಿ ಅಪ್ಪನ ಕಂಪನಿಯಲ್ಲಿ ಜಾಗ ಕೇಳಿದರೆ ಅದು ಪ್ರೇಮಕಥೆ ಅಲ್ಲವೇ?

ಶಾಲ್ಮಲೆಯ ಕೂಸು, ಶಿರಸಿ

ನಾವೊಂದಷ್ಟು ಹೆಂಗಸರು ತಿಂಗಳಿಗೊಮ್ಮೆ ಸೇರಿ ಕಾದಂಬರಿ ಓದುತ್ತೇವೆ. ಈ ಸಲ ನಾನು ಆರಿಸಿದ್ದು ಸ್ವೀಡನ್ನಿನ ಸಿಮೋನಾ ಆರ್ನ್‌ಸ್ಟೆಡ್ಟ್ ಅವರ ಪ್ರೇಮಕಾದಂಬರಿ. 2014ರಲ್ಲಿ ಬಂದದ್ದು, ನಾವು ಓದಿದ್ದು ಇಂಗ್ಲಿಷ್ ಅನುವಾದ. ಲೇಖಕಿ ಮನಶ್ಶಾಸ್ತ್ರಜ್ಞೆ. ನಾಯಕಿ ನತಾಲಿಯಾ ದೊಡ್ಡ ಮನೆತನದ ಮಗಳು, ಹಣಕಾಸಿನ ಕೆಲಸದಲ್ಲಿ ಪಳಗಿದವಳು. ಅಪ್ಪನ ಕಂಪನಿಯ ಆಡಳಿತ ಮಂಡಳಿಯಲ್ಲಿ ತನಗೊಂದು ಜಾಗ ಸಿಗಬೇಕು ಅನ್ನುವುದು ಅವಳ ಆಸೆ. ಅಪ್ಪನ ಲೆಕ್ಕದಲ್ಲಿ ಅದು ಗಂಡಸರ ಜಾಗ. ಅವಳು ಮನಸ್ಸು ಕೊಡುವುದು ಆ ಕಂಪನಿಯನ್ನೇ ಕೈವಶ ಮಾಡಿಕೊಳ್ಳಲು ಹೊಂಚು ಹಾಕಿದವನಿಗೆ.

ಗುಂಪಿನ ಹಿರಿಯರಿಬ್ಬರು ‘ಇದೆಂತ ಪ್ರೇಮಕಥೆ, ಅರ್ಧ ಪುಸ್ತಕ ಬರೀ ಶೇರು, ಬ್ಯಾಂಕು’ ಅಂದರು. ನನಗೆ ನಾಟಿದ್ದು ಅದೇ ಭಾಗ. ನಮ್ಮನೆಯಲ್ಲಿ ಕೊಯ್ಲಿನ ದಿನಗಳಲ್ಲಿ ಆಯಿ ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯುತ್ತಾಳೆ. ಚೊಗರು ಹತ್ತಿದ ಅವಳ ಹೆಬ್ಬೆರಳು ಎಷ್ಟು ತಿಕ್ಕಿದರೂ ಬೆಳ್ಳಗಾಗುವುದಿಲ್ಲ. ಸೊಸೈಟಿಯಲ್ಲಿ ವಿಕ್ರಿಯಾದ ದುಡ್ಡು ಬೀಳುವುದು ಅಪ್ಪಯ್ಯನ ಖಾತೆಗೆ. ಪಹಣಿಯಲ್ಲಿರುವುದೂ ಅವನ ಹೆಸರು, ನಾಳೆ ಅಣ್ಣನದು. ಮದುವೆಗೆ ಮೊದಲೇ ನನ್ನಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿಕೊಳ್ಳುವ ಮಾತು ಎದ್ದಿದೆ. ಮನೆಯಲ್ಲಿ ಯಾರೂ ಕೆಟ್ಟವರಲ್ಲ. ‘ಕೂಸಿಗೆ ಬಂಗಾರ ಹಾಕ್ತ್ಯ, ಮತ್ತೆಂತ ಬೇಕು?’ ಎಂದು ಅವರ ಮಾತು.

ನನ್ನ ಪ್ರಶ್ನೆ: ಪಾಲಿನ ಮಾತು ಬಂದರೆ ಪ್ರೇಮ ಕಡಿಮೆಯಾಗುತ್ತದೆಯೇ? ಸ್ವೀಡನ್ನಿನಂಥ ದೇಶದಲ್ಲೂ ಮಗಳು ಅಪ್ಪನೆದುರು ಇನ್ನೂ ಹೀಗೆ ನಿಲ್ಲಬೇಕೇ? ಅಲ್ಲಿನ ಬರವಣಿಗೆ ಬಲ್ಲವರು ಹೇಳಿ.

ಕೋಡಿಬಾಗದ ಓದುಗಿ, ಕಾರವಾರ

ತಂಗಿ, ಆ ಹಿರಿಯರಿಗೆ ಹೇಳು, ಸ್ವೀಡನ್ನಿನಲ್ಲಿ ಹೆಂಗಸರು ಬರೆದ ಕಾದಂಬರಿಗೆ ಅಪ್ಪ, ಮಗಳು, ಹಕ್ಕು ಇವೆಲ್ಲ ಹೊಸದಲ್ಲ. 1856ರಲ್ಲಿ ಫ್ರೆಡ್ರಿಕಾ ಬ್ರೆಮರ್ ‘ಹೆರ್ಥಾ’ ಬರೆದರು. ಆಗ ಅಲ್ಲಿ ಮದುವೆಯಾಗದ ಹೆಣ್ಣು ಎಷ್ಟೇ ವಯಸ್ಸಾದರೂ ಕಾನೂನಿನ ಕಣ್ಣಿಗೆ ಅಪ್ಪನ, ಇಲ್ಲವೇ ಅಣ್ಣತಮ್ಮಂದಿರ ಸುಪರ್ದಿಯಲ್ಲಿದ್ದ ಮಗು. ಆ ಕಾದಂಬರಿ ಎಬ್ಬಿಸಿದ ಚರ್ಚೆ ಸಂಸತ್ತಿನ ತನಕ ಹೋಯಿತು. 1858ರಲ್ಲಿ 25 ತುಂಬಿದವರು ಕೋರ್ಟಿಗೆ ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು ಅಂತಾಯಿತು, 1863ರಿಂದ ಅರ್ಜಿಯೂ ಬೇಡವಾಯಿತು. ಗಂಡನಿದ್ದವಳ ಪಾಡು ಇನ್ನೂ ಕಷ್ಟ, ಗಂಡನ ಅಂಕೆಯಿಂದ ಕಾನೂನು ಅವಳನ್ನು ಬಿಟ್ಟದ್ದು 1921ಕ್ಕೆ. ನಡುವೆ 1910ರಲ್ಲಿ ಎಲಿನ್ ವೆಗ್ನರ್ ಮತದ ಹಕ್ಕಿಗೆ ಹೋರಾಡುವ ಪತ್ರಕರ್ತೆಯನ್ನೇ ನಾಯಕಿ ಮಾಡಿ ಬರೆದರು. ಅವಳು ಹೋರಾಟವನ್ನೂ ಮಾಡುತ್ತಾಳೆ, ಪ್ರೀತಿಯನ್ನೂ ಮಾಡುತ್ತಾಳೆ.

ನತಾಲಿಯಾ ಆ ಸಾಲಿನವಳೇ. ಅವಳ ದೇಶದಲ್ಲಿ ಗಂಡು ಹೆಣ್ಣಿಗೆ ಸಮಪಾಲು ಬಂದದ್ದು 1845ರಲ್ಲಿ! ಆದರೂ ಕಂಪನಿಯ ಮೇಜಿನ ಸುತ್ತ ಯಾರು ಕೂರಬೇಕು ಅನ್ನುವುದು ಬೇರೆಯೇ ಮಾತು. ಪಕ್ಕದ ನಾರ್ವೆ 2003ರಲ್ಲಿ ದೊಡ್ಡ ಕಂಪನಿಗಳ ಮಂಡಳಿಯಲ್ಲಿ ಹೆಂಗಸರಿಗೆ ಶೇಕಡಾ 40 ಜಾಗ ಇರಲೇಬೇಕೆಂದು ಕಾನೂನು ಮಾಡಿತು, ಸ್ವೀಡನ್ ಹಾಗೆ ಮಾಡಲಿಲ್ಲ. ನನ್ನ ಮಟ್ಟಿಗೆ ಈ ಕಾದಂಬರಿಯ ಸ್ತ್ರೀವಾದ ಇರುವುದು ಒಂದೇ ಕಡೆ: ನಾಯಕ ಎಷ್ಟೇ ಪ್ರೀತಿಸಲಿ, ಅವನ ಪ್ರೀತಿ ಅವಳ ಕುರ್ಚಿಗೆ ಬದಲಿ ಅಲ್ಲ. ಒಳ್ಳೆ ಗಂಡ ಸಿಕ್ಕ, ಇನ್ನು ತವರಿನ ಪಾಲು ಯಾಕೆ ಎಂದು ಕಥೆ ಅವಳಿಗೆ ಹೇಳುವುದಿಲ್ಲ.

ಮಗಳ ಬಾಣಂತನಕ್ಕೆಂದು ನಾನು ಗೋಥೆನ್‌ಬರ್ಗ್‌ಗೆ ಹೋಗಿದ್ದೆ. ರಜೆ ಹಾಕಿ ಮನೆಯಲ್ಲಿದ್ದವನು ಅಳಿಯ. ಮಗುವಿಗೆ ಉಣ್ಣಿಸಿ, ಉಣ್ಣೆಯಲ್ಲಿ ಸುತ್ತಿ, ತಳ್ಳುಗಾಡಿಯಲ್ಲಿ ಮಲಗಿಸಿ ಬಾಲ್ಕನಿಯ ಚಳಿಯಲ್ಲೇ ನಿದ್ದೆ ಮಾಡಿಸುತ್ತಿದ್ದ, ನನ್ನ ಜೀವ ಹೋದಂತಾಗುತ್ತಿತ್ತು. ಅದು ಅವನ ದೊಡ್ಡತನ ಮಾತ್ರ ಅಲ್ಲ. 1974ರಿಂದ ಅಲ್ಲಿ ಹೆರಿಗೆಯ ರಜೆ ಅಪ್ಪ ಅಮ್ಮ ಇಬ್ಬರದ್ದೂ. ಈಗ ಒಟ್ಟು 480 ದಿನ, ಅದರಲ್ಲಿ 90 ಅಪ್ಪನಿಗೇ ಮೀಸಲು, ಅವನು ತಗೊಳ್ಳದಿದ್ದರೆ ಆ ದಿನಗಳು ಹೋದವು. ನಮ್ಮ ಕೇಂದ್ರ ಸರ್ಕಾರಿ ನೌಕರನಿಗೆ ಸಿಗುವುದು 15 ದಿನ.

ಮತ್ತೊಂದು. ಸಹಿ ಮಾಡುವ ಮೊದಲು ವಕೀಲರನ್ನು ಕೇಳು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿದೆ. 2005ರಲ್ಲಿ ದೇಶಕ್ಕೆಲ್ಲ ಬಂತು, ಅದು ಹುಟ್ಟಿನಿಂದಲೇ ಬರುವ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬಂಗಾರ ಅದರ ಬೆಲೆಯಲ್ಲ.

ಹೊನ್ನಾವರದ ಮೇಷ್ಟ್ರು

ಅಕ್ಕೋರ ಇತಿಹಾಸ ಒಪ್ಪಿದೆ. ಆದರೆ ಇಷ್ಟೊಂದು ಹೊಗಳಿಕೆ ನನಗೆ ಒಗ್ಗುವುದಿಲ್ಲ. ನಾಯಕ ಕೋಟ್ಯಧೀಶ, ನಾಯಕಿ ಸಿರಿವಂತರ ಮಗಳು. ಸಮಾನತೆಯ ಜಗಳ ನಡೆಯುವುದು ಮೇಲಿನ ಅಂತಸ್ತಿನಲ್ಲಿ. ಅವರ ಮನೆ ಗುಡಿಸುವವಳು ಯಾರು? ಸ್ವೀಡನ್ನಿನಲ್ಲಿ 2007ರಿಂದ ಮನೆಗೆಲಸಕ್ಕೆ ಜನ ಇಟ್ಟುಕೊಂಡರೆ ತೆರಿಗೆಯಲ್ಲಿ ರಿಯಾಯಿತಿ ಇದೆ. ಆ ಕೆಲಸಕ್ಕೆ ಬರುವವರಲ್ಲಿ ಬಹಳ ಮಂದಿ ಹೊರದೇಶದಿಂದ ಬಂದ ಹೆಂಗಸರು. ಅವಳು ನಾಯಕಿಯಾದ ಪ್ರೇಮಕಾದಂಬರಿ ನನಗೆ ಬೇಕು. ಹಾಗೇ ನಮ್ಮಲ್ಲಿ, ಅಂಕೋಲೆಯ ಹಾಲಕ್ಕಿ ಬುಡಕಟ್ಟಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ನಿಂತ ಸುಕ್ರಿ ಬೊಮ್ಮಗೌಡರಂಥವರ ಬದುಕಿನಲ್ಲಿ ಇರುವ ಸ್ತ್ರೀವಾದ ಯಾವ ಮಂಡಳಿಯ ಕುರ್ಚಿಗೂ ಕಡಿಮೆಯದಲ್ಲ.

ತೋಟದ ಮಾಣಿ, ಯಲ್ಲಾಪುರ

ಕಾದಂಬರಿ ನಾನು ಓದಿಲ್ಲ. ಪಾಲಿನ ಮಾತಿಗೆ ಬರೆಯುತ್ತಿದ್ದೇನೆ. ತೋಟದ ಮಾಣಿಗೆ ಹೆಣ್ಣು ಕೊಡುವವರಿಲ್ಲ ಎಂದು ನಮ್ಮ ಕಡೆ ಮದುವೆ ಮನೆಯಲ್ಲೆಲ್ಲ ಅದೇ ಗೋಳು. ಹುಡುಗಿಯರಿಗೆ ಬೆಂಗಳೂರಿನ ಹುಚ್ಚು ಅನ್ನುತ್ತಾರೆ. ನಾನು ನೋಡಲು ಹೋದ ಒಬ್ಬಳು ನೇರ ಕೇಳಿದಳು: ‘ನಿಮ್ಮನೆ ತೋಟಕ್ಕೆ ಬಂದು ದುಡಿದರೆ ನನ್ನ ಹೆಸರು ಎಲ್ಲಿರ್ತದೆ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು ಅಪ್ಪನ ಹತ್ತಿರ ಮಾತಾಡಿ ಅಕ್ಕನ ಹೆಸರು ಪಹಣಿಗೆ ಸೇರಿಸಿದೆವು. ಮದುವೆಯಾದರೆ ಬರುವವಳ ಹೆಸರೂ ಸೊಸೈಟಿ ಖಾತೆಯಲ್ಲಿ ಇರಬೇಕು ಅಂತ ಹೇಳಿ ಇಟ್ಟಿದ್ದೇನೆ. ಸಂಬಂಧಿಕರು ತೋಟ ಹಂಚಿ ಹೋಗ್ತದೆ ಎಂದು ಹೆದರಿಸಿದರು. ಅಕ್ಕ ಒಂದು ಮರವನ್ನೂ ಮಾರಿಲ್ಲ, ಈ ಸಲ ಅಡಿಕೆಯ ಕೊಳೆರೋಗಕ್ಕೆ ಹೊಡೆದ ಔಷಧಿಯ ಖರ್ಚಿನಲ್ಲಿ ಅರ್ಧ ಅವಳೇ ಕೊಟ್ಟಳು.

ಶಾಲ್ಮಲೆಯ ಕೂಸು, ಶಿರಸಿ

ಮೇಷ್ಟ್ರೇ, ಮನೆ ಗುಡಿಸುವವಳ ಪ್ರಶ್ನೆಯನ್ನು ಮುಂದಿನ ತಿಂಗಳು ಗುಂಪಿನಲ್ಲಿ ಎತ್ತುತ್ತೇನೆ. ಆದರೆ ನತಾಲಿಯಾಳನ್ನು ಬಿಟ್ಟುಕೊಡಲಾರೆ. ಸಿರಿವಂತರ ಮಗಳಿಗೇ ಅಪ್ಪ ಬಾಗಿಲು ಹಾಕಿದ ಎಂದು ಓದಿದಾಗಲೇ ನನ್ನ ಮನೆಯ ಬಾಗಿಲು ನನಗೆ ಕಂಡದ್ದು. ಕೋಡಿಬಾಗದ ಅಕ್ಕ, ವಕೀಲರ ಹತ್ತಿರ ಸೋಮವಾರ ಹೋಗುತ್ತೇನೆ, ಆಯಿಯೂ ಬರುತ್ತೇನೆ ಅಂದಿದ್ದಾಳೆ. ಯಲ್ಲಾಪುರದ ಅಣ್ಣ, ನೀವು ಹೆಸರು ಸೇರಿಸಿದ್ದು ಪಾಲಾದ ಮೇಲೋ, ಜಂಟಿಯಾಗಿರುವಾಗಲೋ? ಯಾವ ಯಾವ ಕಾಗದ ಕೇಳಿದರು, ದಯವಿಟ್ಟು ಬರೆಯಿರಿ.